ಹಳೆಯ ಎಂಎಕ್ಸ್-5ಗೆ ಆಯಿಲ್ ಕೂಲರ್: ಯಾವ ಗಾತ್ರ, ಎಲ್ಲಿ, ಹೇಗೆ?

ಪ್ರಶ್ನೆ: ನಾನಿರುವುದು ಅಮೆರಿಕದ ಟೆಕ್ಸಾಸ್‌ನಲ್ಲಿ. ನನ್ನ ಹತ್ತಿರ 1992ರ ಮಾಜ್ದಾ ಎಂಎಕ್ಸ್-5 ಇದೆ. ಇಲ್ಲಿನವರ ಬಾಯಲ್ಲಿ ಅದು ಮಿಯಾಟಾ. 1.6 ಲೀಟರ್ ಎಂಜಿನ್, ಟರ್ಬೊ ಇಲ್ಲ, ಎಸಿ ಇದೆ. ಆಗಾಗ ರೇಸ್ ಟ್ರ್ಯಾಕ್‌ಗೆ ಒಯ್ಯುತ್ತೇನೆ. ಬೇಸಿಗೆಯಲ್ಲಿ ಹೊರಗೆ 38 ಡಿಗ್ರಿ ಇರುವಾಗ, 20 ನಿಮಿಷದ ಓಟ ಮುಗಿಯುವ ಹೊತ್ತಿಗೆ ಎಂಜಿನ್ ಆಯಿಲ್ 134 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಶುರುವಿನಲ್ಲಿ 6,000 ಆರ್‌ಪಿಎಂಗೆ 60 ಪಿಎಸ್‌ಐ ತೋರಿಸುವ ಆಯಿಲ್ ಪ್ರೆಷರ್ ಕೊನೆಗೆ 45ಕ್ಕೆ ಇಳಿಯುತ್ತದೆ. ಹಾಕುತ್ತಿರುವುದು 5ಡಬ್ಲ್ಯು-30 ಆಯಿಲ್. ಪರಿಚಯದವರು 25 ಸಾಲಿನ ದೊಡ್ಡ ಕೂಲರ್ ಹಾಕು, ಥರ್ಮೋಸ್ಟಾಟ್ ಎಲ್ಲ ಬೇಡ ಎನ್ನುತ್ತಾರೆ. ಇದೇ ಕಾರಿನಲ್ಲಿ ಚಳಿಗಾಲದಲ್ಲಿ ಆಫೀಸಿಗೂ ಹೋಗುತ್ತೇನೆ. ಏನು ಮಾಡಲಿ?

ಉತ್ತರ: ಕೂಲರ್, ಅಂದರೆ ಆಯಿಲ್ ತಣಿಸುವ ಪುಟ್ಟ ರೇಡಿಯೇಟರ್, ಹಾಕಿಸಿ. ಆದರೆ 25 ಸಾಲಿನದು ಬೇಡ, 13 ಸಾಲಿನದು ಸಾಕು (ಸಾಲು ಎಂದರೆ ಕೂಲರ್ ಒಳಗೆ ಆಯಿಲ್ ಹರಿಯುವ ಒಂದೊಂದು ಚಪ್ಪಟೆ ದಾರಿ). ಆಯಿಲ್ ಬಿಸಿಯಾದ ಮೇಲಷ್ಟೇ ಕೂಲರ್ ದಾರಿ ತೆರೆಯುವ ಥರ್ಮೋಸ್ಟಾಟ್ ಇಲ್ಲದೆ ಮಾತ್ರ ಬೇಡವೇ ಬೇಡ. ದೊಡ್ಡ ಕೂಲರ್‌ಗೆ ಸುರಿಯಬೇಕೆಂದಿದ್ದ ದುಡ್ಡನ್ನು ಹೋಸ್, ಫಿಟ್ಟಿಂಗ್ ಮತ್ತು ಗಾಳಿಯ ದಾರಿಗೆ ಹಾಕಿ. ಈ ಕೆಲಸ ಕೆಡುವುದು ಹೆಚ್ಚಾಗಿ ಅಲ್ಲೇ.

ಯಾಕೆ ಎಂದು ಒಂದು ಲೆಕ್ಕದಲ್ಲಿ ನೋಡಿ. ಈಗ ನಿಮ್ಮ ಎಂಜಿನ್‌ನಿಂದ ಒತ್ತಡದ ಆಯಿಲ್ ಹೊರಗೆ ಬರುವುದು ಆಯಿಲ್ ಫಿಲ್ಟರ್ ಕೂತಿರುವ ಒಂದೇ ಜಾಗದಲ್ಲಿ. ಕೂಲರ್ ಹಾಕಿದ ಮೇಲೆ ನಾಲ್ಕು ಅಡಾಪ್ಟರ್, ಅವಕ್ಕೆ ಕೂರುವ ನಾಲ್ಕು ನಟ್, ಹೋಸ್ ಒಳಹೊಕ್ಕಿರುವ ನಾಲ್ಕು ತುದಿ, ಹೀಗೆ 12 ಹೊಸ ಜೋಡಣೆಗಳು ಸೇರುತ್ತವೆ. ಫಿಲ್ಟರ್‌ನ ಕೆಳಗೆ ಇನ್ನೊಂದು ಸೀಲ್ ಬೇರೆ. ಜೋರಾಗಿ ತಿರುಗುವಾಗ ಪಂಪ್ ನಿಮಿಷಕ್ಕೆ 25 ಲೀಟರ್ ದೂಡುತ್ತದೆ ಎಂದುಕೊಳ್ಳಿ. ಎಂಜಿನ್ ಅಡಿಯ ಆಯಿಲ್ ತೊಟ್ಟಿಯಾದ ಸಂಪ್‌ನಲ್ಲಿರುವುದು ನಾಲ್ಕು ಲೀಟರಿಗೂ ಕಡಿಮೆ. ಒಂದು ಹೋಸ್ ಕಳಚಿಕೊಂಡರೆ ಹತ್ತು ಸೆಕೆಂಡಿನಲ್ಲಿ ಎಂಜಿನ್ ಒಣಗುತ್ತದೆ. ನೀವು ಗೇಜ್ ನೋಡುವಷ್ಟರಲ್ಲಿ ಬೇರಿಂಗ್ ಮುಗಿದಿರುತ್ತದೆ.

ಖರೀದಿಗೆ ಮುಂಚೆ ನೋಡಬೇಕಾದ್ದು

ಮೊದಲು, ಆ 134 ಎಲ್ಲಿ ಅಳೆದದ್ದು? ಸಂಪ್‌ನಲ್ಲಿ ಸೆನ್ಸರ್ ಇದ್ದರೆ ಒಂದು ಲೆಕ್ಕ, ಫಿಲ್ಟರ್ ಹತ್ತಿರ ಇದ್ದರೆ ಇನ್ನೊಂದು. ಬೇರಿಂಗ್ ಒಳಗಿನ ಆಯಿಲ್ ಎರಡಕ್ಕಿಂತಲೂ ಬಿಸಿ. ಸಂಪ್‌ನಲ್ಲಿ 90ರಿಂದ 110 ಡಿಗ್ರಿ ಒಳ್ಳೆಯ ವಲಯ. ಒಳ್ಳೆಯ ಸಿಂಥೆಟಿಕ್ ಆಯಿಲ್ 120ರಲ್ಲಿ ಸ್ವಲ್ಪ ಹೊತ್ತು ಇದ್ದರೂ ಚಿಂತೆಯಿಲ್ಲ. 130 ದಾಟಿ ಪ್ರತಿ ಸಲವೂ ಅಲ್ಲೇ ನಿಲ್ಲುತ್ತಿದ್ದರೆ ಪರಿಹಾರ ಬೇಕು. ಡ್ರೈನ್ ಬೋಲ್ಟ್ ಜಾಗದಲ್ಲಿ ಸೆನ್ಸರ್ ಕೂರಿಸಿದ್ದರೆ ಅದು ಕೆಳಗೆ ಚಾಚಿಕೊಂಡಿರುತ್ತದೆ. ನೆಲಕ್ಕೆ ಇಷ್ಟು ಹತ್ತಿರದ ಕಾರಿನಲ್ಲಿ ಒಂದು ಕಲ್ಲು ಬಡಿದರೆ ಆಯಿಲ್ ಪೂರ್ತಿ ರಸ್ತೆಗೆ. ಹೇಗೂ ಕೂಲರ್ ಜೊತೆ ಸ್ಯಾಂಡ್‌ವಿಚ್ ಪ್ಲೇಟ್ (ಫಿಲ್ಟರ್ ಮತ್ತು ಬ್ಲಾಕ್ ನಡುವೆ ಕೂತು ಆಯಿಲನ್ನು ಕೂಲರ್‌ಗೆ ಕಳಿಸುವ ತಟ್ಟೆ) ಬರುತ್ತದೆ, ಅದರಲ್ಲಿ ಸೆನ್ಸರ್‌ಗೆ ರಂಧ್ರ ಇರುತ್ತದೆ, ಅಲ್ಲಿಗೆ ಬದಲಾಯಿಸಿ. ಎಂಜಿನ್‌ನಿಂದ ಬರುವ ಬಿಸಿ ಆಯಿಲ್ ಹಾಯುವ ರಂಧ್ರ ಯಾವುದು, ಕೂಲರ್‌ನಿಂದ ತಣ್ಣಗಾಗಿ ಮರಳುವುದು ಯಾವುದು ಎಂದು ನೋಡಿಕೊಂಡು, ಬಿಸಿ ಕಡೆಗೇ ಸೆನ್ಸರ್ ಹಾಕಿ. ತಣ್ಣನೆ ಕಡೆ ಹಾಕಿದರೆ ಅಂಕಿ ಚೆನ್ನಾಗಿ ಕಾಣುತ್ತದೆ, ಎಂಜಿನ್ ಮಾತ್ರ ಹಾಗೇ ಬೇಯುತ್ತಿರುತ್ತದೆ.

ಎರಡನೆಯದು, ಪ್ರೆಷರ್ ಇಳಿಯುವ ರೀತಿ. ಲ್ಯಾಪ್‌ನಿಂದ ಲ್ಯಾಪ್‌ಗೆ ನಿಧಾನವಾಗಿ ಇಳಿದರೆ ಅದು ಬಿಸಿಗೆ ಆಯಿಲ್ ತೆಳುವಾದ ಲಕ್ಷಣ. ಉದ್ದನೆಯ ತಿರುವಿನಲ್ಲಿ ಮುಳ್ಳು ತಟ್ಟನೆ ಬಿದ್ದು ನೇರ ದಾರಿಗೆ ಬಂದ ಕೂಡಲೇ ಏರಿದರೆ, ಆಯಿಲ್ ಸಂಪ್‌ನ ಒಂದು ಬದಿಗೆ ಸರಿದು ಪಂಪ್ ಗಾಳಿ ಹೀರುತ್ತಿದೆ ಎಂದರ್ಥ. ಅದಕ್ಕೆ ಕೂಲರ್ ಮದ್ದಲ್ಲ. ಸಂಪ್‌ಗೆ ಆಯಿಲ್ ಸರಿಯದಂತೆ ತಡೆಯುವ ಬ್ಯಾಫಲ್ ತಗಡು ಬೇಕು, ಆಯಿಲ್ ಡಿಪ್‌ಸ್ಟಿಕ್‌ನ ಮೇಲಿನ ಗೆರೆಯಲ್ಲೇ ಇರಬೇಕು. ನೀವು ಬರೆದಿರುವುದು ಮೊದಲನೆಯ ಬಗೆ. ನಿಮ್ಮದು 1992ರ ಕಾರು ಎನ್ನುವುದು ಇಲ್ಲಿ ಅನುಕೂಲ: 1994ರವರೆಗಿನ ಕಾರುಗಳಲ್ಲಿ ಡ್ಯಾಶ್‌ಬೋರ್ಡ್‌ನ ಆಯಿಲ್ ಗೇಜ್ ನಿಜವಾಗಿಯೂ ಒತ್ತಡ ಅಳೆಯುತ್ತದೆ. 1995ರಿಂದ ಈಚಿನವುಗಳಲ್ಲಿ ಅದು ಬರೀ ಸ್ವಿಚ್. ಒತ್ತಡ ಇದ್ದರೆ ಮುಳ್ಳು ನಡುವೆ ನಿಲ್ಲುತ್ತದೆ, ಅಷ್ಟೇ. ಅಂಥ ಕಾರಿನವರು ಕೂಲರ್‌ಗೂ ಮುಂಚೆ ಗೇಜ್ ಕೊಳ್ಳಬೇಕು. ಸೆಂಡರ್ (ಒತ್ತಡ ಅಳೆಯುವ ಸೆನ್ಸರ್) ಕೂರುವ ರಂಧ್ರದ ಮರೆ, ಅಂದರೆ ಥ್ರೆಡ್, 1/8 ಬಿಎಸ್‌ಪಿಟಿ ಎಂಬ ಬ್ರಿಟಿಷ್ ಅಳತೆಯದ್ದು. ಅಮೆರಿಕದಲ್ಲಿ ಸಿಗುವ ಗೇಜ್‌ಗಳದ್ದು ಹೆಚ್ಚಾಗಿ 1/8 ಎನ್‌ಪಿಟಿ ಎಂಬ ಅಮೆರಿಕನ್ ಅಳತೆ. ಎರಡು ಸುತ್ತು ಸರಾಗವಾಗಿ ಹೋಗಿ ಆಮೇಲೆ ಬಿಗಿಯುತ್ತದೆ. ಬಲ ಹಾಕಿ ತಿರುಗಿಸಬೇಡಿ, ಅಡಾಪ್ಟರ್ ತೆಗೆದುಕೊಳ್ಳಿ.

ಮಾಜ್ದಾ ಈ ಎಂಜಿನ್‌ಗೆ ಹೇಳಿರುವುದು 3,000 ಆರ್‌ಪಿಎಂನಲ್ಲಿ ಸುಮಾರು 43ರಿಂದ 57 ಪಿಎಸ್‌ಐ. 6,000ದಲ್ಲಿ 45 ಎಂದರೆ ಎಂಜಿನ್ ಇವತ್ತೇ ಕೆಟ್ಟುಹೋಗುವುದಿಲ್ಲ, ಆದರೆ ತಿರುವಿನಲ್ಲಿ ಒಂದು ಗುಟುಕು ಗಾಳಿ ಹೊಕ್ಕರೂ ತಡೆದುಕೊಳ್ಳುವಷ್ಟು ಮಿಗುತಾಯ ಉಳಿದಿರುವುದಿಲ್ಲ.

ಮೂರನೆಯದು ಎಲ್ಲಕ್ಕಿಂತ ಅಗ್ಗ. ಬಂಪರ್‌ನಿಂದ ರೇಡಿಯೇಟರ್ ಕೆಳಗಿನವರೆಗೆ ಬರುವ ಪ್ಲಾಸ್ಟಿಕ್ ಅಡಿತಟ್ಟೆ ನಿಮ್ಮ ಕಾರಿನಲ್ಲಿ ಇದೆಯೇ ನೋಡಿ. 30 ವರ್ಷ ಹಳೆಯ ಎಂಎಕ್ಸ್-5ಗಳಲ್ಲಿ ಅದು ಮುರಿದು ಬಿದ್ದಿರುವುದು ತೀರಾ ಸಾಮಾನ್ಯ. ಅದಿಲ್ಲದಿದ್ದರೆ ಬಂಪರ್‌ನ ಬಾಯಿಯಿಂದ ಹೊಕ್ಕ ಗಾಳಿ ರೇಡಿಯೇಟರ್ ಮೂಲಕ ಹಾಯದೆ ಕೆಳಗಿಂದ ತಪ್ಪಿಸಿಕೊಂಡು ಹೋಗುತ್ತದೆ. ನೀರು ಬಿಸಿಯಾದರೆ ಆಯಿಲ್ ಹಿಂದೆಯೇ ಬರುತ್ತದೆ. ತಟ್ಟೆ ಹಾಕಿ, ರೇಡಿಯೇಟರ್‌ನ ಪಕ್ಕದ ಸಂದುಗಳನ್ನು ಫೋಮ್‌ನಿಂದ ಮುಚ್ಚಿ ಒಮ್ಮೆ ಓಡಿಸಿ. ನೀರಿನ ಮುಳ್ಳೂ ಮೇಲೇರುತ್ತಿದ್ದ ಕಾರಾದರೆ ಇದರಿಂದಲೇ ಆಯಿಲ್ ಕೆಲವು ಡಿಗ್ರಿ ಇಳಿಯಬಹುದು.

ಜೊತೆಗೆ ಟ್ರ್ಯಾಕ್ ದಿನಗಳಿಗೆ 5ಡಬ್ಲ್ಯು-40 ಸಿಂಥೆಟಿಕ್‌ಗೆ ಬದಲಾಯಿಸಿ. 100 ಡಿಗ್ರಿಯಲ್ಲಿ 30 ಗ್ರೇಡ್‌ನ ಸ್ನಿಗ್ಧತೆ 9.3ರಿಂದ 12.5 ಸೆಂಟಿಸ್ಟೋಕ್, 40ರದ್ದು 12.5ರಿಂದ 16.3. ಯಾವ ಆಯಿಲ್ ಆದರೂ 100ರಿಂದ 130ಕ್ಕೆ ಏರಿದರೆ ಹೆಚ್ಚುಕಡಿಮೆ ಅರ್ಧದಷ್ಟು ತೆಳುವಾಗುತ್ತದೆ, ಹಾಗಾಗಿ ಶುರುವಿನಲ್ಲಿ ಮಂದವಿದ್ದಷ್ಟೂ ಕೊನೆಯಲ್ಲಿ ಉಳಿಯುವುದು ಹೆಚ್ಚು. ಆದರೆ ಇದು ಪ್ರೆಷರ್ ಉಳಿಸುತ್ತದೆಯೇ ಹೊರತು ಬಿಸಿ ಇಳಿಸುವುದಿಲ್ಲ. ಆಯಿಲ್ ಬೇಯುವುದು ಬೇಯುತ್ತಲೇ ಇರುತ್ತದೆ.

13 ಸಾಲು ಯಾಕೆ ಸಾಕು

ಗಾಳಿಯಿಂದ ತಣಿಸುವ ಕೂಲರ್ ಕನ್ನಡ ಓದುಗರಿಗೆ ಹೊಸದಲ್ಲ, ಪಲ್ಸರ್ 220ರ ಎಂಜಿನ್ ಮುಂದೆ ಕಾಣುವ ಪುಟ್ಟ ರೇಡಿಯೇಟರ್ ಅದೇ. ಇನ್ನೊಂದು ಬಗೆ ಇದೆ: ಫಿಲ್ಟರ್ ಮತ್ತು ಬ್ಲಾಕ್ ನಡುವೆ ಕೂತು, ರೇಡಿಯೇಟರ್ ನೀರಿನಿಂದಲೇ ಆಯಿಲ್ ತಣಿಸುವಂಥದ್ದು. ಕೆಲವು ಎಂಎಕ್ಸ್-5 ಮಾದರಿಗಳಿಗೆ ಕಾರ್ಖಾನೆಯಿಂದಲೇ ಅದು ಬಂದಿದೆ. ರಸ್ತೆಗೆ ಅದು ಬಹಳ ಜಾಣ ಏರ್ಪಾಡು: ಚಳಿಯಲ್ಲಿ ಆಯಿಲ್ ಬೇಗ ಬೆಚ್ಚಗಾಗುತ್ತದೆ, ಹೊರಗೆ ಉದ್ದುದ್ದ ಹೋಸ್ ಇರುವುದಿಲ್ಲ. ಆದರೆ ಆಯಿಲ್‌ನ ಬಿಸಿಯನ್ನೂ ಅದೇ ರೇಡಿಯೇಟರ್ ಹೊರಬೇಕು. 38 ಡಿಗ್ರಿ ಬಿಸಿಲಿನ ಟ್ರ್ಯಾಕ್‌ನಲ್ಲಿ ನಿಮ್ಮ ರೇಡಿಯೇಟರ್‌ಗೆ ಆ ತ್ರಾಣ ಇರುವುದಿಲ್ಲ. ನಿಮ್ಮ ಕಾರಿನಲ್ಲಿ ಅದು ಇದ್ದರೆ ತೆಗೆದು ಅದರ ಎರಡು ನೀರಿನ ಹೋಸ್‌ಗಳನ್ನು ಒಂದಕ್ಕೊಂದು ಸೇರಿಸಿ. ಅದರ ಮೇಲೆ ಪ್ಲೇಟ್, ಪ್ಲೇಟ್ ಮೇಲೆ ಫಿಲ್ಟರ್ ಪೇರಿಸಲು ಅಲ್ಲಿ ಜಾಗ ಸಾಲದು.

ಈಗ ಗಾತ್ರ. ಬಿಸಿ ಆಯಿಲ್‌ನ ಸಾಂದ್ರತೆ ಲೀಟರಿಗೆ ಸುಮಾರು 0.82 ಕಿಲೊ, ಒಂದು ಕಿಲೊ ಆಯಿಲ್ ಒಂದು ಡಿಗ್ರಿ ತಣಿಯುವಾಗ ಬಿಡುವ ಶಾಖ ಸುಮಾರು 2.2 ಕಿಲೊಜೂಲ್. ನಿಮಿಷಕ್ಕೆ 25 ಲೀಟರ್ ಹರಿವಿದ್ದರೆ, ಕೂಲರ್ ಹೊಕ್ಕು ಹೊರಬರುವಷ್ಟರಲ್ಲಿ ಆಯಿಲ್ ತಣಿಯುವ ಪ್ರತಿ ಡಿಗ್ರಿಗೆ ಮುಕ್ಕಾಲು ಕಿಲೊವ್ಯಾಟ್ ಶಾಖ ಹೊರಹೋಗುತ್ತದೆ. ಹತ್ತು ಡಿಗ್ರಿಗೆ ಏಳೂವರೆ ಕಿಲೊವ್ಯಾಟ್. ಟರ್ಬೊ ಇಲ್ಲದ 1.6 ಎಂಜಿನ್‌ಗೆ ಅದು ಸಣ್ಣ ಪ್ರಮಾಣವೇನಲ್ಲ. ಇನ್ನೊಂದು ಅನುಕೂಲವೂ ಇದೆ. 38 ಡಿಗ್ರಿ ಗಾಳಿಗೂ 95 ಡಿಗ್ರಿ ನೀರಿಗೂ ಇರುವ ಅಂತರ 57. ಅದೇ ಗಾಳಿಗೂ 115 ಡಿಗ್ರಿ ಆಯಿಲ್‌ಗೂ 77. ಅಂತರ ಹೆಚ್ಚಿದಷ್ಟೂ ಚಿಕ್ಕ ಕೂಲರ್ ಹೆಚ್ಚು ಕೆಲಸ ಮಾಡುತ್ತದೆ. 235 ಮಿ.ಮೀ. ಅಗಲದ, 13 ಸಾಲಿನ ಸ್ಟ್ಯಾಕ್ಡ್ ಪ್ಲೇಟ್ ಕೂಲರ್ ತೆಗೆದುಕೊಳ್ಳಿ. ಸೆಟ್ರಾಬ್, ಮೋಕಾಲ್ ಕಂಪನಿಗಳು ಇಂಥವುಗಳನ್ನು ಎಷ್ಟೋ ವರ್ಷಗಳಿಂದ ಮಾಡುತ್ತಿವೆ. ನಿಮ್ಮ ಗುರಿ 105ರಿಂದ 115. ಮುಂದೆ ಟರ್ಬೊ ಹಾಕುವ ಆಲೋಚನೆ ಇದ್ದರೆ 16 ಅಥವಾ 19.

ಸಾಲು ಹೆಚ್ಚಾದರೆ ಪ್ರೆಷರ್ ಬೀಳುತ್ತದೆ ಎಂಬ ಮಾತು ಎಲ್ಲೆಡೆ ಕೇಳುತ್ತದೆ, ಅದು ತಪ್ಪು. ಸಾಲುಗಳು ಒಂದರ ಪಕ್ಕ ಒಂದಾಗಿ ಆಯಿಲ್ ಹಂಚಿಕೊಳ್ಳುತ್ತವೆ, ಹೆಚ್ಚಿದ್ದಷ್ಟೂ ತಡೆ ಕಡಿಮೆಯೇ. 25 ಸಾಲು ಬೇಡ ಎನ್ನಲು ಕಾರಣ ಬೇರೆ. ಎಂಎಕ್ಸ್-5ರ ಬಾಯಿ ಚಿಕ್ಕದು. ಒಳಗೆ ಎಸಿ ಕಂಡೆನ್ಸರ್, ಅದರ ಹಿಂದೆ ರೇಡಿಯೇಟರ್. ಅವುಗಳ ಮುಂದೆ ಅಷ್ಟು ದೊಡ್ಡ ತಡೆ ನಿಲ್ಲಿಸಿದರೆ ಆಯಿಲ್ ತಣಿದು ನೀರು ಕುದಿಯುತ್ತದೆ. ಈ ತಪ್ಪು ಮಾಡಿ ಆಮೇಲೆ ದೊಡ್ಡ ರೇಡಿಯೇಟರ್ ಕೊಳ್ಳುವವರು ಬೇಕಾದಷ್ಟು ಜನ.

ಹಳೆಯ ಕೂಲರ್ ಅಗ್ಗಕ್ಕೆ ಸಿಕ್ಕಿತು ಎಂದು ತರಬೇಡಿ. ಅದು ಬೇರಿಂಗ್ ಹೋದ ಎಂಜಿನ್‌ನಿಂದ ಬಿಚ್ಚಿದ್ದಾದರೆ ಒಳಗಿನ ಸಂದುಗಳಲ್ಲಿ ಲೋಹದ ಚೂರು ಸಿಕ್ಕಿರುತ್ತದೆ, ಯಾವ ದ್ರಾವಣ ಹಾಕಿ ತೊಳೆದರೂ ಪೂರ್ತಿ ಬರುವುದಿಲ್ಲ.

ಸ್ಯಾಂಡ್‌ವಿಚ್ ಪ್ಲೇಟ್ ಮತ್ತು ಥರ್ಮೋಸ್ಟಾಟ್

ಫಿಲ್ಟರ್ ಬಿಚ್ಚಿ, ಆ ಜಾಗದಲ್ಲಿ ಪ್ಲೇಟ್ ಕೂರಿಸಿ, ಅದರ ಮೇಲೆ ಫಿಲ್ಟರ್ ಹಾಕುವುದು. ನಿಮ್ಮ ಎಂಜಿನ್‌ನ ಫಿಲ್ಟರ್ ಮರೆ ಎಂ20 × 1.5, ಅಂದರೆ 20 ಮಿ.ಮೀ. ವ್ಯಾಸದ್ದು. ಅಮೆರಿಕದ ಅಂಗಡಿಗಳಲ್ಲಿ ಹೆಚ್ಚು ಸಿಗುವುದು ಮುಕ್ಕಾಲು ಇಂಚು, 16 ಮರೆಯದ್ದು. ಇವೆರಡರ ನಡುವೆ ಒಂದು ಮಿಲಿಮೀಟರ್ ಕೂಡ ವ್ಯತ್ಯಾಸವಿಲ್ಲ, ಅದೇ ಅಪಾಯ. ಮುಕ್ಕಾಲು ಇಂಚಿನ ಸ್ಟಡ್ ಮೇಲೆ ಎಂ20 ಫಿಲ್ಟರ್ ಸಡಿಲವಾಗಿಯೇ ಕೂರುತ್ತದೆ, ಕೈಗೆ ಬಿಗಿಯಾದಂತೆಯೂ ಅನ್ನಿಸುತ್ತದೆ. ತಣ್ಣನೆಯ ಎಂಜಿನ್ ಚಾಲೂ ಮಾಡಿ ಪ್ರೆಷರ್ ಏರಿದಾಗ ಹಾರಿಹೋಗುತ್ತದೆ. ಪ್ಲೇಟ್‌ನ ಎರಡೂ ಬದಿ ಎಂ20 ಇರುವುದನ್ನೇ ಕೇಳಿ ತರಿಸಿ, ಬಂದ ಮೇಲೆ ಅಳೆದು ನೋಡಿ. ಹಾಗೆಯೇ ಪ್ಲೇಟ್‌ನ ಓ-ರಿಂಗ್ ಬ್ಲಾಕ್‌ನ ನುಣುಪಾದ ವೃತ್ತದ ಒಳಗೇ ಪೂರ್ತಿ ಕೂರಬೇಕು. ಹಳೆಯ ಫಿಲ್ಟರ್‌ನ ರಬ್ಬರ್ ಗುರುತನ್ನೇ ಅಳತೆಗೆ ಇಟ್ಟುಕೊಳ್ಳಿ. ಆ ರಬ್ಬರ್ ಬ್ಲಾಕ್‌ಗೇ ಅಂಟಿಕೊಂಡು ಉಳಿದಿಲ್ಲ ಎಂದು ಬೆರಳಾಡಿಸಿ ಖಾತ್ರಿ ಮಾಡಿಕೊಳ್ಳಿ. ಎರಡು ರಬ್ಬರ್ ಒಂದರ ಮೇಲೊಂದು ಕೂತರೆ ಸೋರುವುದಿಲ್ಲ, ಸಿಡಿಯುತ್ತದೆ.

ಪ್ಲೇಟ್‌ನಲ್ಲಿ ಥರ್ಮೋಸ್ಟಾಟ್ ಇರಲೇಬೇಕು, 80ರಿಂದ 85 ಡಿಗ್ರಿಗೆ ತೆರೆಯುವಂಥದ್ದು. ನೀವು ಚಳಿಗಾಲದಲ್ಲಿ ಆಫೀಸಿಗೆ ಹೋಗುವ ದಾರಿಯಲ್ಲಿ ಥರ್ಮೋಸ್ಟಾಟ್ ಇಲ್ಲದಿದ್ದರೆ ಆಯಿಲ್ 60ರ ಆಸುಪಾಸಿನಲ್ಲೇ ಇದ್ದುಬಿಡಬಹುದು. ಉರಿದ ಪೆಟ್ರೋಲ್‌ನಿಂದ ಹುಟ್ಟುವ ನೀರಿನ ಆವಿ, ಉರಿಯದೆ ಉಳಿದ ಪೆಟ್ರೋಲ್ ಎರಡೂ ಆಯಿಲ್‌ಗೆ ಇಳಿಯುತ್ತವೆ. ಬಿಸಿಯಾಗದ ಆಯಿಲ್ ಅವನ್ನು ಹೊರಹಾಕುವುದಿಲ್ಲ. ಆಯಿಲ್ ಹಾಕುವ ಮುಚ್ಚಳದ ಅಡಿಯಲ್ಲಿ ಬಿಳಿ ಕೆನೆ ಕಂಡರೆ ಇದೇ ಕಾರಣವಿರಬಹುದು. ಥರ್ಮೋಸ್ಟಾಟ್ ಮುಚ್ಚಿದ್ದಾಗಲೂ ಸ್ವಲ್ಪ ಆಯಿಲ್ ಕೂಲರ್ ಕಡೆಗೆ ಹರಿಯುತ್ತಿರುತ್ತದೆ, ಅದು ದೋಷವಲ್ಲ. ಗಾಳಿ ಹೊರಹೋಗಲಿ, ತೆರೆದಾಗ ತಣ್ಣನೆಯ ಆಯಿಲ್ ಒಮ್ಮೆಗೇ ನುಗ್ಗದಿರಲಿ ಎಂದೇ ಹಾಗೆ ಮಾಡಿರುತ್ತಾರೆ.

ಫಿಲ್ಟರ್ ಇರುವುದು ಎಂಜಿನ್‌ನ ಬಲಬದಿ, ಇನ್‌ಟೇಕ್ ಮ್ಯಾನಿಫೋಲ್ಡ್ ಕೆಳಗಿನ ಇಕ್ಕಟ್ಟಿನಲ್ಲಿ. ಮುಂದಿನ ಬಲ ಚಕ್ರ ಬಿಚ್ಚಿ ಅಲ್ಲಿಂದ ಕೈ ಹಾಕುವುದು ಸುಲಭ. ಪ್ಲೇಟ್‌ನ ನಡುವಿನ ಬೋಲ್ಟ್ ಬಿಗಿಯುವ ಮುಂಚೆ ಎರಡು ಹೋಸ್‌ಗಳ ಬಾಯಿ ಯಾವ ದಿಕ್ಕಿಗೆ ತಿರುಗಬೇಕು ಎಂದು ಫಿಟ್ಟಿಂಗ್ ಹಾಕಿಯೇ ತೀರ್ಮಾನಿಸಿ. ಮ್ಯಾನಿಫೋಲ್ಡ್‌ನ ಆಧಾರದ ಬ್ರಾಕೆಟ್ ಅಡ್ಡ ಬರುತ್ತದೆ. 45 ಅಥವಾ 90 ಡಿಗ್ರಿ ಬಾಗಿದ ತುದಿಗಳೇ ಬೇಕಾಗಬಹುದು. ಇಂಗ್ಲೆಂಡ್, ಆಸ್ಟ್ರೇಲಿಯಾದಲ್ಲಿ ಇದೇ ಕಾರು ಇಟ್ಟುಕೊಂಡಿರುವ ಕನ್ನಡಿಗರು ಒಂದು ಗಮನಿಸಿ: ನಿಮ್ಮದು ಬಲಬದಿ ಸ್ಟಿಯರಿಂಗ್, ಸ್ಟಿಯರಿಂಗ್ ಶಾಫ್ಟ್ ಕೂಡ ಅದೇ ಮಗ್ಗುಲಲ್ಲಿ ಇಳಿಯುತ್ತದೆ. ಹೋಸ್ ಅದಕ್ಕೆ ತಾಗದಂತೆ ಪೂರ್ತಿ ಎಡಕ್ಕೂ ಬಲಕ್ಕೂ ತಿರುಗಿಸಿ ನೋಡಿ. ನಡುವಿನ ಬೋಲ್ಟನ್ನು ತಯಾರಕರು ಹೇಳಿದ ಟಾರ್ಕ್‌ಗೆ ಬಿಗಿಯಿರಿ. ಕಡಿಮೆಯಾದರೆ ಮುಂದೊಮ್ಮೆ ಫಿಲ್ಟರ್ ಬಿಚ್ಚುವಾಗ ಪ್ಲೇಟೂ ಜೊತೆಗೆ ತಿರುಗಿ ಹೋಸ್ ತಿರುಚಿಕೊಳ್ಳುತ್ತದೆ.

ಹೋಸ್: ಇಲ್ಲಿ ಜಿಪುಣತನ ಬೇಡ

ಅಳತೆ ಎಎನ್-10 (ಎಎನ್ ಎಂಬುದು ಹೋಸ್, ಫಿಟ್ಟಿಂಗ್‌ಗಳ ಅಮೆರಿಕನ್ ಮಾನಕ) ಇರಲಿ, ಒಳವ್ಯಾಸ ಸುಮಾರು 14 ಮಿ.ಮೀ. ಎಎನ್-8ರ ಒಳವ್ಯಾಸ 11 ಮಿ.ಮೀ.; ಮೂರೇ ಮಿಲಿಮೀಟರ್ ವ್ಯತ್ಯಾಸ ಎನ್ನಿಸಿದರೂ ಅದೇ ಹರಿವಿಗೆ ಅದರಲ್ಲಿ ಕಳೆದುಹೋಗುವ ಒತ್ತಡ ಎರಡೂವರೆಯಿಂದ ಮೂರು ಪಟ್ಟು. ಮರೆಗಳು ಬೇರೆಬೇರೆ ಎಂಬುದು ನೆನಪಿರಲಿ. ಕೂಲರ್ ಮೇಲೆ ಎಂ22 × 1.5 ಇರಬಹುದು, ಬ್ರಿಟಿಷ್ ಕೂಲರ್ ಆದರೆ ಅರ್ಧ ಇಂಚು ಬಿಎಸ್‌ಪಿ. ಎಎನ್ ಫಿಟ್ಟಿಂಗ್‌ನ ಮೂತಿಯ ಇಳಿಜಾರು 37 ಡಿಗ್ರಿ, ಬಿಎಸ್‌ಪಿಯದ್ದು 30. ಕಣ್ಣಿಗೆ ಒಂದೇ ಥರ, ಬಿಗಿದರೆ ಸೋರುತ್ತದೆ. ಸರಿಯಾದ ಅಡಾಪ್ಟರ್ ಇದ್ದರೆ ಟೆಫ್ಲಾನ್ ಟೇಪ್ ಬೇಕಾಗುವುದಿಲ್ಲ. ಎಎನ್ ಜೋಡಣೆಗೆ ಟೇಪ್ ಸುತ್ತಿದರೆ ಅದರ ಎಳೆ ಕಿತ್ತು ಆಯಿಲ್ ದಾರಿಗೆ ಸೇರುತ್ತದೆ, ಲಾಭ ಮಾತ್ರ ಏನೂ ಇಲ್ಲ.

ಹೀಟರ್ ಹೋಸ್ ತಂದು ತಿರುಪು ಕ್ಲಿಪ್ ಹಾಕಿ ಮುಗಿಸುವವರಿದ್ದಾರೆ. ಅದು ಬೆಂಕಿಗೆ ಆಹ್ವಾನ. ಸಾಮಾನ್ಯ ನೈಟ್ರೈಲ್ ರಬ್ಬರ್ ಹೋಸ್‌ನ ತಾಪದ ಮಿತಿ 100ರಿಂದ 120 ಡಿಗ್ರಿ, ನಿಮ್ಮ ಆಯಿಲ್ ಈಗಲೇ ಅದನ್ನು ಮೀರಿದೆ. ಸ್ಟೀಲ್ ಜಾಲರಿ ಹೆಣೆದ, 150 ಡಿಗ್ರಿ ತಡೆಯುವ ರಬ್ಬರ್ ಹೋಸ್ ಸಾಕು. ಪಿಟಿಎಫ್‌ಇ (ಟೆಫ್ಲಾನ್) ಒಳಪದರದ್ದು ಇನ್ನೂ ಹೆಚ್ಚು ಬಿಸಿ ತಡೆಯುತ್ತದೆ, ಆದರೆ ಸುಲಭವಾಗಿ ಬಾಗುವುದಿಲ್ಲ, ಒಮ್ಮೆ ಮಡಚಿಕೊಂಡರೆ ಮುಗಿಯಿತು. ಅದರ ತುದಿಗಳೂ ಬೇರೆ, ಒಳಗೆ ಪುಟ್ಟ ಲೋಹದ ಉಂಗುರ ಇರುತ್ತದೆ. ರಬ್ಬರ್ ಹೋಸ್‌ನ ತುದಿಯನ್ನು ಪಿಟಿಎಫ್‌ಇಗೆ ಹಾಕಿದರೆ ಒತ್ತಡ ಬಂದಾಗ ಕಳಚುತ್ತದೆ. ಹೈಡ್ರಾಲಿಕ್ ಹೋಸ್ ಅಂಗಡಿಯಲ್ಲಿ ಅಳತೆ ಕೊಟ್ಟು, ತುದಿ ಪ್ರೆಸ್ ಮಾಡಿಸಿ, ಒತ್ತಡ ಹಾಕಿ ಪರೀಕ್ಷಿಸಿ ತರುವುದು ಎಲ್ಲಕ್ಕಿಂತ ನಿಶ್ಚಿಂತೆ. ಮನೆಯಲ್ಲಿ ಮಾಡಿದ ಜೋಡಣೆಗಿಂತ ನಾನು ಅದನ್ನೇ ನಂಬುತ್ತೇನೆ.

ನೀವೇ ಮಾಡುವುದಾದರೆ: ಕತ್ತರಿಸುವ ಜಾಗಕ್ಕೆ ಬಿಗಿಯಾಗಿ ಟೇಪ್ ಸುತ್ತಿ, ತೆಳು ಕಟಿಂಗ್ ಡಿಸ್ಕ್‌ನಿಂದ ನೇರವಾಗಿ ಕತ್ತರಿಸಿ. ಒಳಗೆ ರಬ್ಬರ್ ಪುಡಿ, ಸ್ಟೀಲ್ ಎಳೆ ತುಂಬಿರುತ್ತದೆ. ದ್ರಾವಣ ಸುರಿದು, ಗಾಳಿ ಊದಿ, ಬಿಳಿ ಬಟ್ಟೆ ಎಳೆದು ನೋಡಿ. ಹೊರಗಿನ ಸಾಕೆಟ್‌ಗೆ ಹೋಸ್ ತುರುಕಿದ ಮೇಲೆ ಸಾಕೆಟ್ ಅಂಚಿಗೆ ಸರಿಯಾಗಿ ಹೋಸ್ ಮೇಲೆ ಟೇಪ್‌ನ ಗುರುತು ಹಾಕಿ. ಒಳತುಂಡಿಗೆ ಆಯಿಲ್ ಸವರಿ ತಿರುಗಿಸುತ್ತಾ ಹೋದಾಗ ಅದು ಹೋಸನ್ನು ಹಿಂದಕ್ಕೆ ದೂಡಬಹುದು. ಗುರುತು ಒಂದೆರಡು ಮಿಲಿಮೀಟರ್‌ಗಿಂತ ಹೆಚ್ಚು ಸರಿದಿದ್ದರೆ ಬಿಚ್ಚಿ ಮತ್ತೆ ಮಾಡಿ. ಟ್ರ್ಯಾಕ್‌ನಲ್ಲಿ ಕಳಚುವುದು ಈ ಗುರುತು ಹಾಕದ ಹೋಸ್‌ಗಳೇ.

ಕೂಲರ್‌ಗೆ ನಟ್ ಬಿಗಿಯುವಾಗ ಯಾವಾಗಲೂ ಎರಡು ಸ್ಪ್ಯಾನರ್. ಒಂದರಿಂದ ಕೂಲರ್ ಕಡೆಯ ಅಡಾಪ್ಟರ್ ಹಿಡಿದು, ಇನ್ನೊಂದರಿಂದ ನಟ್ ತಿರುಗಿಸಿ. ಒಂದೇ ಸ್ಪ್ಯಾನರ್‌ನಲ್ಲಿ ಬಲ ಹಾಕಿದರೆ ಕೂಲರ್‌ನ ಅಲ್ಯೂಮಿನಿಯಂ ಕುತ್ತಿಗೆ ತಿರುಚುತ್ತದೆ, ಹೊಸ ಕೂಲರ್ ಕಸದ ಬುಟ್ಟಿಗೆ. ಕೈಯಲ್ಲಿ ಪೂರ್ತಿ ಬಿಗಿದ ಮೇಲೆ ಷಟ್ಕೋನದ ಒಂದು ಮುಖದಷ್ಟು, ಅಂದರೆ 60 ಡಿಗ್ರಿ, ತಿರುಗಿಸಿದರೆ ಸಾಕು.

ದಾರಿಯಲ್ಲಿ ಹೋಸ್ ತಾಗುವ ಪ್ರತಿ ಜಾಗಕ್ಕೂ ರಬ್ಬರ್ ಪದರದ ಕ್ಲಿಪ್ ಹಾಕಿ, ಒಂದಡಿಗೊಂದರಂತೆ. ಸ್ಟೀಲ್ ಜಾಲರಿ ತಾನು ಸವೆಯುವುದಿಲ್ಲ, ತಾಗಿದ್ದನ್ನು ಗರಗಸದಂತೆ ಕೊಯ್ಯುತ್ತದೆ: ವೈರ್, ಬ್ರೇಕ್ ಪೈಪ್, ರೇಡಿಯೇಟರ್ ಏನಾದರೂ ಸರಿ. ಆದರೆ ಎಂಜಿನ್‌ನಿಂದ ಬಾಡಿಗೆ ದಾಟುವ ಮೊದಲ ತುಂಡನ್ನು ಎಲ್ಲೂ ಬಿಗಿಯಬೇಡಿ. ರಬ್ಬರ್ ಮೌಂಟ್ ಮೇಲೆ ಎಂಜಿನ್ ಎರಡು ಸೆಂಟಿಮೀಟರ್ ಹೊರಳಾಡುತ್ತದೆ, ಆ ಸಡಿಲ ಹೋಸ್‌ನಲ್ಲಿ ಇರಬೇಕು.

ಎಲ್ಲಿ ಕೂರಿಸಬೇಕು

ಬಾಯಿಯ ಬಲಬದಿಯಲ್ಲಿ, ಕಂಡೆನ್ಸರ್ ಮುಂದೆ. ಫಿಲ್ಟರ್ ಬಲಕ್ಕಿರುವುದರಿಂದ ಹೋಸ್ ಗಿಡ್ಡವಾಗುತ್ತದೆ, ಒಂದೊಂದು ಸುಮಾರು 1.2 ಮೀಟರ್. ದಾರ ಹಿಡಿದು ಅಳೆದೇ ಕತ್ತರಿಸಿ. 13 ಸಾಲಿನ ಕೂಲರ್‌ನ ಎತ್ತರ ಹತ್ತು ಸೆಂಟಿಮೀಟರ್ ಆಸುಪಾಸು, ಅದು ಮುಚ್ಚುವ ರೇಡಿಯೇಟರ್ ಭಾಗ ಚಿಕ್ಕದು. ಎರಡರ ನಡುವೆ ಒಂದೆರಡು ಸೆಂಟಿಮೀಟರ್ ಬಿಡಿ. ಕೂಲರ್ ಸುತ್ತ ತಗಡು ಅಥವಾ ದಪ್ಪ ಪ್ಲಾಸ್ಟಿಕ್ ಹಾಳೆಯಿಂದ ಚೌಕಟ್ಟು ಮಾಡಿ, ಅಂಚಿಗೆ ಫೋಮ್ ಅಂಟಿಸಿ. ಗಾಳಿ ಸೋಮಾರಿ. ಕೂಲರ್‌ನ ರೆಕ್ಕೆಗಳ ನಡುವೆ ತೂರುವುದಕ್ಕಿಂತ ಪಕ್ಕದ ಬೆರಳಗಲದ ಸಂದಿಯಲ್ಲಿ ನುಸುಳುವುದೇ ಅದಕ್ಕೆ ಇಷ್ಟ.

ರೇಡಿಯೇಟರ್ ಮುಂದೆ ಏನೂ ಬೇಡ ಎನ್ನುವವರು ಬಂಪರ್ ಮೂಲೆಯಲ್ಲಿ, ಚಕ್ರದ ಗೂಡಿನ ಮುಂದೆ ಕೂರಿಸಬಹುದು. ಆಗ ಅದಕ್ಕೆ ಬೇರೆಯೇ ಗಾಳಿ ಕೊಳವೆ ಬೇಕು. ಒಳಬಾಯಿ ಕೂಲರ್ ಮುಖದ ಮೂರನೇ ಒಂದು ಭಾಗವಿದ್ದರೆ ಸಾಕು, ನಿಮ್ಮ ಕೂಲರ್‌ಗೆ 100 ಮಿ.ಮೀ. ವ್ಯಾಸದ ಬ್ರೇಕ್ ಡಕ್ಟ್ ಕೊಳವೆ ಹೊಂದುತ್ತದೆ. ಕೊಳವೆ ತಟ್ಟನೆ ಅಗಲವಾಗದೆ ನಿಧಾನವಾಗಿ ಹರಡಿಕೊಳ್ಳಬೇಕು. ಹಿಂದೆ ಗಾಳಿ ಹೊರಹೋಗಲು ಚಕ್ರದ ಗೂಡಿನ ಪ್ಲಾಸ್ಟಿಕ್‌ನಲ್ಲಿ ಕಿಂಡಿ ಕತ್ತರಿಸಲೇಬೇಕು. ಒಳಬಾಯಿ ಎಷ್ಟೇ ದೊಡ್ಡದಿದ್ದರೂ ಹೊರದಾರಿ ಇಲ್ಲದಿದ್ದರೆ ಗಾಳಿ ಹರಿಯುವುದೇ ಇಲ್ಲ. ಚಕ್ರ ಎಸೆಯುವ ಕಲ್ಲಿಗೆ ಹಿಂಬದಿಯಲ್ಲೂ ಜಾಲರಿ ಹಾಕಿ.

ಕೂಲರನ್ನು ಎಂ6 ರಬ್ಬರ್ ಬಾಬಿನ್‌ಗಳ ಮೇಲೆ ಕೂರಿಸಿ. ಮೇಲ್ಛಾವಣಿ ಇಲ್ಲದ ಕಾರಿನ ಬಾಡಿ ತಿರುಚುತ್ತದೆ, ಗಟ್ಟಿಯಾಗಿ ಬಿಗಿದ ಕೂಲರ್‌ನ ಮೂಲೆ ಸೀಳುತ್ತದೆ. ರೆಕ್ಕೆಗಳ ನಡುವೆ ಪ್ಲಾಸ್ಟಿಕ್ ಟೈ ತೂರಿಸಿ ರೇಡಿಯೇಟರ್‌ಗೇ ಕಟ್ಟುವ ಪದ್ಧತಿ ಬೇಡ, ಒಂದು ಬೇಸಿಗೆಯಲ್ಲಿ ಎರಡನ್ನೂ ತೂತು ಮಾಡುತ್ತದೆ. ಹೋಸ್ ಬಾಯಿಗಳು ಮೇಲ್ಮುಖವಾಗಿರುವುದು ಒಳ್ಳೆಯದು, ಗಾಳಿ ಸಿಕ್ಕಿಕೊಳ್ಳುವುದಿಲ್ಲ. ಜಾಗವಿಲ್ಲದೆ ಅಡ್ಡ ಮಲಗಿಸಿದರೆ ಆಯಿಲ್ ಕೆಳಗಿನ ಬಾಯಿಂದ ಹೊಕ್ಕು ಮೇಲಿನಿಂದ ಹೊರಬರಲಿ.

ಆಯಿಲ್ ತುಂಬಿ ಚಾಲೂ ಮಾಡುವುದು

14 ಮಿ.ಮೀ. ಹೋಸ್‌ನ ಪ್ರತಿ ಮೀಟರ್‌ಗೆ 0.15 ಲೀಟರ್ ಹಿಡಿಯುತ್ತದೆ, ಎರಡಕ್ಕೂ ಸೇರಿ 0.4. ಕೂಲರ್ ಒಳಗೆ ಇನ್ನೊಂದು 0.3ರಿಂದ 0.4. ಫಿಲ್ಟರ್ ಸೇರಿ 3.6 ಲೀಟರ್ ಇದ್ದದ್ದು ಈಗ 4.3ರ ಮೇಲೆ. ಕೂಲರನ್ನು ಕೂರಿಸುವ ಮುಂಚೆಯೇ ಆಯಿಲ್ ತುಂಬಿ. ಥರ್ಮೋಸ್ಟಾಟ್ ಮುಚ್ಚಿರುವಾಗ ಅದು ತಾನಾಗಿ ತುಂಬುವುದು ನಿಧಾನ. ಖಾಲಿ ಬಿಟ್ಟರೆ 80 ಡಿಗ್ರಿಗೆ ತೆರೆದ ಕೂಡಲೇ ಅಷ್ಟೂ ಗಾಳಿ ಎಂಜಿನ್‌ಗೆ ನುಗ್ಗುತ್ತದೆ, ಮೇಲೆ ವಾಲ್ವ್‌ಗಳನ್ನು ಒತ್ತುವ ಹೈಡ್ರಾಲಿಕ್ ಲಿಫ್ಟರ್‌ಗಳು ಟಕಟಕ ಎನ್ನತೊಡಗುತ್ತವೆ.

ಸಿಲಿಂಡರ್ ಹೆಡ್‌ನ ಹಿಂಭಾಗದಲ್ಲಿರುವ ಕ್ಯಾಮ್ ಆಂಗಲ್ ಸೆನ್ಸರ್‌ನ ಕನೆಕ್ಟರ್ ಬಿಚ್ಚಿದರೆ ಕಿಡಿಯೂ ಇಲ್ಲ, ಪೆಟ್ರೋಲೂ ಇಲ್ಲ. ಸ್ಪಾರ್ಕ್ ಪ್ಲಗ್‌ಗಳನ್ನೂ ತೆಗೆದರೆ ಎಂಜಿನ್ ಹಗುರಾಗಿ ತಿರುಗುತ್ತದೆ. ಹತ್ತು ಸೆಕೆಂಡ್ ಸ್ಟಾರ್ಟರ್ ತಿರುಗಿಸಿ, ಬಿಡುವು ಕೊಟ್ಟು, ಮತ್ತೆ ತಿರುಗಿಸಿ. ಪ್ರೆಷರ್ ಮುಳ್ಳು ಏಳುವವರೆಗೆ. ಆಮೇಲೆ ಎಲ್ಲ ಜೋಡಿಸಿ ಚಾಲೂ ಮಾಡಿ, ರೇಸ್ ಮಾಡದೆ ಎರಡು ಮೂರು ನಿಮಿಷ ಬಿಟ್ಟು, ಟಾರ್ಚ್ ಹಿಡಿದು 12 ಜೋಡಣೆಯನ್ನೂ ನೋಡಿ. ಕಾಗದದ ಟವೆಲ್ ಒತ್ತಿದರೆ ಕಣ್ಣಿಗೆ ಕಾಣದ ಜಿನುಗೂ ಗೊತ್ತಾಗುತ್ತದೆ. ನಿಲ್ಲಿಸಿ, ಡಿಪ್‌ಸ್ಟಿಕ್ ನೋಡಿ, ಆಯಿಲ್ ಸೇರಿಸಿ. ಆಯಿಲ್ 90 ದಾಟುವಂತೆ ಒಮ್ಮೆ ಓಡಿಸಿ ಬಂದು ಮತ್ತೆ ಅದೇ ಕೆಲಸ. ಥರ್ಮೋಸ್ಟಾಟ್ ತೆರೆದಿದ್ದರೆ ಎರಡೂ ಹೋಸ್ ಬಿಸಿ ಇರಬೇಕು, ಕೈ ಸುಟ್ಟೀತು, ಜೋಪಾನ.

ಮುಗಿದ ಮೇಲೆ ನೋಡಬೇಕಾದ ಅಂಕಿಗಳು: ಅದೇ ಉಷ್ಣತೆ, ಅದೇ ಆರ್‌ಪಿಎಂನಲ್ಲಿ ಪ್ರೆಷರ್ ಮೊದಲಿಗಿಂತ ಐದು ಪಿಎಸ್‌ಐ ಕಡಿಮೆ ಇದ್ದರೆ ಸಹಜ. ಹತ್ತಕ್ಕಿಂತ ಹೆಚ್ಚು ಬಿದ್ದರೆ ಎಲ್ಲೋ ಹೋಸ್ ಮಡಚಿದೆ, ಅಥವಾ ಫಿಟ್ಟಿಂಗ್ ಒಳಗೆ ರಬ್ಬರ್ ಸುಲಿದು ಬಾಗಿಲಿನಂತೆ ಅಡ್ಡ ನಿಂತಿದೆ. ಆಯಿಲ್ ಇನ್ನೂ 125 ಮುಟ್ಟುತ್ತಿದ್ದರೆ ದೊಡ್ಡ ಕೂಲರ್ ಹುಡುಕುವ ಮುಂಚೆ ಗಾಳಿಯ ದಾರಿ ಮತ್ತೆ ನೋಡಿ. ರಸ್ತೆಯಲ್ಲಿ 75 ದಾಟುತ್ತಲೇ ಇಲ್ಲವಾದರೆ ಥರ್ಮೋಸ್ಟಾಟ್ ತೆರೆದೇ ನಿಂತುಬಿಟ್ಟಿದೆ. 20 ಪಿಎಸ್‌ಐಗೆ ಉರಿಯುವ ಒಂದು ಕೆಂಪು ದೀಪವನ್ನು ಕಣ್ಣಿನ ನೇರಕ್ಕೆ ಹಾಕಿಸಿ. ತಿರುವಿನಲ್ಲಿ ಗೇಜ್ ನೋಡುವವರು ಯಾರೂ ಇಲ್ಲ.

ಇದನ್ನು ಓದಿ ಬೆಂಗಳೂರಿನ ಟ್ರಾಫಿಕ್‌ನಲ್ಲಿ ಹಳೆಯ ಕಾರು ಬಿಸಿಯಾಗುತ್ತದೆಂದು ಕೂಲರ್ ಹಾಕಿಸಲು ಹೊರಡುವವರಿಗೆ: ಬೇಡ. ನಿಂತ ಕಾರಿನ ಕೂಲರ್‌ಗೆ ಗಾಳಿಯೇ ಬರುವುದಿಲ್ಲ, ಅಲ್ಲಿ ನೋಡಬೇಕಾದ್ದು ರೇಡಿಯೇಟರ್ ಫ್ಯಾನ್ ಮತ್ತು ನೀರು. ಭಾನುವಾರ ನಂದಿ ಬೆಟ್ಟ ಹತ್ತಿ ಇಳಿಯುವ ಕಾರಿಗೂ ಇದರ ಅಗತ್ಯವಿಲ್ಲ.

ನಿಮ್ಮ ವಿಷಯಕ್ಕೆ ಬಂದರೆ, ಪ್ರತಿ ಟ್ರ್ಯಾಕ್ ದಿನದ ಹಿಂದಿನ ಸಂಜೆ ನಟ್‌ಗಳ ಮೇಲೆ ಬಣ್ಣದ ಪೆನ್ನಿನಲ್ಲಿ ಎಳೆದ ಗೆರೆ ಸರಿದಿಲ್ಲವೆಂದು ನೋಡಿಕೊಳ್ಳಿ. ರಬ್ಬರ್ ಒಳಪದರದ ಹೋಸ್‌ಗಳನ್ನು ಐದಾರು ವರ್ಷಕ್ಕೊಮ್ಮೆ ಬದಲಾಯಿಸಿ, ಹೊರಗಿನ ಜಾಲರಿ ಹೊಳೆಯುತ್ತಿದ್ದರೂ ಸರಿ. ಟೂಲ್ ಬಾಕ್ಸ್‌ನಲ್ಲಿ ಎರಡು ಲೀಟರ್ ಆಯಿಲ್ ಜೊತೆಗೆ ಒಂದು ಎಎನ್-10 ಯೂನಿಯನ್ ಇಟ್ಟುಕೊಳ್ಳಿ, ಎರಡೂ ಬದಿ ಹೊರಮರೆ ಇರುವಂಥದ್ದು. ಕಲ್ಲು ಬಡಿದು ಕೂಲರ್ ತೂತಾದರೆ, ಅದರಿಂದ ಎರಡೂ ಹೋಸ್ ಬಿಚ್ಚಿ, ಆ ಯೂನಿಯನ್‌ನಿಂದ ಒಂದಕ್ಕೊಂದು ಸೇರಿಸಿ, ಆಯಿಲ್ ತುಂಬಿಕೊಂಡು ನಿಧಾನವಾಗಿ ಮನೆ ಸೇರಬಹುದು.